ನೀಲಿ ನೊಣಗಳ ಬೇರೆ ಕೊಳವೆ

ಸತ್ತ ಕರುಳಿನ ಬಗ್ಗೆ ಅವಳಿಗೆ ತಿಳಿಯದ್ದು ಅಷ್ಟೇನೂ ಇರಲಿಲ್ಲ. ಅಪ್ಪನ ಕಾರ್ಖಾನೆಯಲ್ಲಿ ಅದನ್ನು ತೊಳೆಯುತ್ತಲೇ ಬೆಳೆದವಳು. ಕಾರ್ಖಾನೆ ಎನ್ನುವುದು ಅಪ್ಪನ ಮಾತು. ಕಂಡವರು ಅದನ್ನು ಶೆಡ್ಡು ಎನ್ನುತ್ತಿದ್ದರು. ಒಳಗೆ ಎರಡು ಸಾಲು ಸಿಮೆಂಟಿನ ತೊಟ್ಟಿಗಳು, ಮೂಲೆಯಲ್ಲಿ ಉಪ್ಪಿನ ಗುಡ್ಡೆ, ಮಾಡಿನಿಂದ ಇಳಿಬಿಟ್ಟ ರಬ್ಬರ್ ಪೈಪುಗಳು. ಕಸಾಯಿಖಾನೆಯಿಂದ ಡ್ರಮ್ಮುಗಳಲ್ಲಿ ಬರುತ್ತಿದ್ದ ಕುರಿಯ ಕರುಳನ್ನು ತೊಳೆದು, ಕೆರೆದು, ಸಾಸೇಜು ತಯಾರಿಸುವವರಿಗೆ ಹೊದಿಕೆಯಾಗಿ ಮಾರುವುದು ಮನೆಯ ಕಸುಬು. ತಾತನೂ ಅದನ್ನೇ ಮಾಡಿದ್ದ.

ಕೊನೆಯ ಹಂತ ಅವಳ ಪಾಲಿಗೆ ಬಂದಿತ್ತು. ತೊಳೆದ ಕರುಳಿನ ಒಂದು ಬಾಯಿಗೆ ಪೈಪು ಸಿಕ್ಕಿಸಿ ನೀರು ಬಿಟ್ಟರೆ ಅದು ಉಬ್ಬಿ ತೊಟ್ಟಿಯ ತುಂಬ ಹೊರಳಾಡುತ್ತದೆ. ಎಲ್ಲಾದರೂ ತೂತಿದ್ದರೆ ಕೂದಲೆಳೆಯಂಥ ನೀರಿನ ಗೆರೆ ಚಿಮ್ಮುತ್ತದೆ. ಉಳಿದ ಕೆಲಸಗಾರರಿಗೆ ನೀರು ಮುಖಕ್ಕೆ ಹೊಡೆದ ಮೇಲೆ ಗೊತ್ತಾಗುತ್ತಿತ್ತು. ಅವಳಿಗೆ ಅದಕ್ಕೂ ಮೊದಲೇ ಗೊತ್ತಾಗುತ್ತಿತ್ತು. ಹಾಗಾಗಿ ತೂತುಗಣ್ಣಿ ಎಂಬ ಹೆಸರು ಬಿತ್ತು. ಸೋರುವ ಕರುಳು ಕಂಡ ಕೂಡಲೇ ಅದನ್ನೆತ್ತಿ ಬೇರೆ ತೊಟ್ಟಿಗೆ ಹಾಕಬೇಕು. ಅಂಥದ್ದೊಂದು ಒಳ್ಳೆಯ ಮಾಲಿನೊಳಗೆ ಸೇರಿ, ಗಿರಾಕಿಯ ಯಂತ್ರದಲ್ಲಿ ಒಡೆದರೆ ಇಡೀ ಡ್ರಮ್ಮೇ ವಾಪಸು ಬರುತ್ತಿತ್ತು. "ಸೋರೋದನ್ನ ಸೋರದೇ ಇರೋದರ ಜೊತೆ ಒಂದು ಗಳಿಗೇನೂ ಬಿಡಬಾರದು" ಎಂದು ಅಪ್ಪ ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದ. ಇಪ್ಪತ್ತು ವರ್ಷ ಕೇಳಿದ ಮೇಲೆ ಆ ಮಾತು ಕಿವಿಯಿಂದ ಇಳಿದು ಕೈಗೆ ಸೇರಿತ್ತು.

ಆಮೇಲೆ ಯಂತ್ರದಲ್ಲೇ ಮಾಡಿದ ಕೃತಕ ಹೊದಿಕೆ ಪೇಟೆಗೆ ಬಂತು. ಅದು ಸೋರುವುದಿಲ್ಲ, ನಾರುವುದಿಲ್ಲ, ಉಪ್ಪು ಬೇಡುವುದಿಲ್ಲ. ಅಪ್ಪ ಶೆಡ್ಡನ್ನು ಹಳೆ ಟೈರು ಇಡುವವರಿಗೆ ಬಾಡಿಗೆಗೆ ಕೊಟ್ಟು ಮನೆಯಲ್ಲಿ ಕುಳಿತ. ಅದಕ್ಕಾಗಿ ಅವನು ಅತ್ತದ್ದನ್ನು ಯಾರೂ ಕಾಣಲಿಲ್ಲ. ಹೊತ್ತಿಗೆ ಸರಿಯಾಗಿ ಉಂಡು, ಹೊತ್ತಿಗೆ ಸರಿಯಾಗಿ ಮನೆಮಂದಿಯ ಕೆಲಸದಲ್ಲಿ ಹುಳುಕು ಹುಡುಕುತ್ತ ಆರಾಮವಾಗಿದ್ದ. ಅವಳ ಗಂಡ ಲಿಫ್ಟ್ ರಿಪೇರಿಯವನು. ಯಾವುದೋ ಸಂಶೋಧನಾ ಸಂಸ್ಥೆಯ ಲಿಫ್ಟು ಸರಿ ಮಾಡಲು ಹೋದವನು ಅಲ್ಲಿ ನೊಣದ ಕೋಣೆಗೆ ಸಹಾಯಕರು ಬೇಕೆಂಬ ಸುದ್ದಿ ತಂದ.

ಸಂದರ್ಶನಕ್ಕೆ ಕುಳಿತಿದ್ದವರು ಆ ಪ್ರಯೋಗಾಲಯದ ಮುಖ್ಯಸ್ಥೆ. ಎಲ್ಲರ ಬಾಯಲ್ಲೂ ಅವರು ದೊಡ್ಡ ಮೇಡಂ.

"ನೊಣಗಳ ಜೊತೆ ಕೆಲಸ ಮಾಡಿದ್ದೀರಾ?"

"ಇಪ್ಪತ್ತು ವರ್ಷ ಓಡಿಸಿದ್ದೀನಿ ಮೇಡಂ."

"ಇಲ್ಲಿ ಓಡಿಸೋ ಹಾಗಿಲ್ಲ. ಸಾಕಬೇಕು."

"ಅದಿನ್ನೂ ಸುಲಭ ಅಲ್ವಾ?"

ದೊಡ್ಡ ಮೇಡಂ ನಗಲಿಲ್ಲ, ಆದರೆ ಆರು ತಿಂಗಳ ಮಟ್ಟಿಗೆ ಹಂಗಾಮಿಯಾಗಿ ತೆಗೆದುಕೊಂಡರು. ಕೆಲಸ ಸರಿಯಾಗಿ ಕಂಡರೆ ಕಾಯಂ, ಇಲ್ಲವಾದರೆ ಇಲ್ಲ.

ನೊಣದ ಕೋಣೆ ಬೆಚ್ಚಗಿತ್ತು. ಅವಳಿಗೆ ಮೊದಲು ಇಷ್ಟವಾದದ್ದೇ ಅದು. ತಣ್ಣನೆಯ ಉಪ್ಪುನೀರಿನಲ್ಲಿ ಬಿರಿದಿದ್ದ ಬೆರಳುಗಳು ಎರಡನೇ ತಿಂಗಳಿಗೆ ಕೂಡಿಕೊಂಡವು. ಗೋಡೆಯುದ್ದಕ್ಕೂ ಕಪಾಟುಗಳು, ಕಪಾಟಿನ ತುಂಬ ಹೆಬ್ಬೆರಳು ಗಾತ್ರದ ಪ್ಲಾಸ್ಟಿಕ್ ಕೊಳವೆಗಳು, ಒಂದೊಂದರ ತಳದಲ್ಲೂ ಜೋಳದ ಹಿಟ್ಟು, ಸಕ್ಕರೆ, ಯೀಸ್ಟ್ ಕುದಿಸಿ ಹಾಕಿದ ಗಟ್ಟಿ ಗಂಜಿ, ಬಾಯಿಗೆ ಹತ್ತಿಯ ಬಿರಡೆ. ಒಳಗೆ ಹಣ್ಣಿನ ನೊಣಗಳು: ಕೊಳೆತ ಬಾಳೆಹಣ್ಣಿನ ಮೇಲೆ ಸುಳಿದಾಡುವ, ಎಳ್ಳಿನಷ್ಟೂ ಇಲ್ಲದ ಕೆಂಪುಗಣ್ಣಿನವು. ಹಳೆಯ ಕೊಳವೆಯನ್ನು ಮೇಜಿಗೆ ಕುಟ್ಟಿ, ನೊಣಗಳು ತಳ ಸೇರಿದ ಕ್ಷಣದಲ್ಲಿ ಬಿರಡೆ ತೆಗೆದು, ಹೊಸ ಕೊಳವೆಯ ಬಾಯಿಗೆ ಬಾಯಿ ಕೊಟ್ಟು ಬೋರಲು ಹಾಕಬೇಕು. ಮೊದಲ ವಾರ ಅರ್ಧ ನೊಣಗಳು ಅವಳ ಮೂಗಿನ ಸುತ್ತ ಹಾರಿದವು. ಮೂರನೇ ತಿಂಗಳಿಗೆ ಪಕ್ಕದವರೊಡನೆ ಜಗಳವಾಡುತ್ತಲೇ ಅದನ್ನು ಮಾಡಬಲ್ಲವಳಾದಳು. ಎಲ್ಲರೂ ಅವಳನ್ನು ನೊಣದಕ್ಕ ಎಂದು ಕರೆಯತೊಡಗಿದರು.

ಅಲ್ಲಿ ಅವಳಿಗೆ ಹತ್ತಿರವಾದವಳು ಪಿಎಚ್‌ಡಿ ಮಾಡುತ್ತಿದ್ದ ಒಬ್ಬ ಹುಡುಗಿ. ದಿನವಿಡೀ ಸೂಕ್ಷ್ಮದರ್ಶಕದಲ್ಲಿ ಚುಕ್ಕೆ ಎಣಿಸುತ್ತಿದ್ದುದರಿಂದ ಆ ಹುಡುಗಿಗೆ ಚುಕ್ಕಿ ಎಂದು ಹೆಸರಿಟ್ಟವಳು ನೊಣದಕ್ಕನೇ.

"ಅದೇನು ಚುಕ್ಕೆ ಅಂತ ಒಂದಿನವಾದ್ರೂ ಹೇಳ್ತೀಯಾ, ಇಲ್ಲಾ ಅದೂ ಪರೀಕ್ಷೆಗೆ ಬರುತ್ತೆ ಅಂತ ಬಚ್ಚಿಟ್ಟುಕೊಂಡಿದ್ದೀಯಾ?"

"ಕರುಳಿನ ಒಳಪದರ ಇದೆಯಲ್ಲ ಅಕ್ಕ, ಅದು ದಿನಾ ಸವೀತಾ ಇರುತ್ತೆ. ಊಟ ಉಜ್ಜುತ್ತೆ, ವಿಷ ಸುಡುತ್ತೆ, ಕ್ರಿಮಿ ಕೊರೆಯುತ್ತೆ. ಸವೆದ ಜಾಗಕ್ಕೆ ಹೊಸ ಕೋಶ ಬರಬೇಕಲ್ವಾ? ಅದನ್ನ ಹುಟ್ಟಿಸೋದು ಕಾಂಡಕೋಶಗಳು. ಪದರದ ಬುಡದಲ್ಲಿ ಸುಮ್ಮನೆ ಕೂತಿರ್ತವೆ. ಪೆಟ್ಟು ಬಿತ್ತೋ, ಎದ್ದು ಒಡೆದು ಎರಡಾಗ್ತವೆ. ಒಂದು ಅಲ್ಲೇ ಕೂರುತ್ತೆ, ಇನ್ನೊಂದು ಹೋಗಿ ತೂತು ಮುಚ್ಚುತ್ತೆ."

"ಗಾರೆ ಕೆಲಸದವರು ಅನ್ನು."

"ಗಾರೆಯವರೂ ಅವರೇ, ಇಟ್ಟಿಗೆಯೂ ಅವರೇ."

ನೊಣದಕ್ಕ ಕೈಯಲ್ಲಿದ್ದ ಕೊಳವೆ ಕೆಳಗಿಟ್ಟಳು. "ಒಳಪದರ ಅಂದ್ರೆ ಲೋಳೆಯಾಗಿ ಇರುತ್ತಲ್ಲ, ಅದಾ? ಅದನ್ನ ನಾವು ಕೆರೆದು ಚರಂಡಿಗೆ ಬಿಡ್ತಿದ್ವಿ."

"ಅದೇ," ಎಂದು ಚುಕ್ಕಿ ಎದೆ ಹಿಡಿದುಕೊಂಡಳು. "ನನ್ನ ಇಡೀ ಪಿಎಚ್‌ಡಿ ನಿಮ್ಮ ಚರಂಡೀಲಿ ಹೋಗಿದೆ."

ಚುಕ್ಕಿಯ ಪ್ರಶ್ನೆ ಸರಳವಾಗಿತ್ತು. ಕಾಂಡಕೋಶಗಳೇ ಇಲ್ಲದ ನೊಣ ಬದುಕುತ್ತದೆಯೇ? ಅವಳ ಬಳಿ ಎರಡು ಗುಂಪುಗಳಿದ್ದವು. ಎರಡರಲ್ಲೂ ಕಾಂಡಕೋಶಗಳು ವಿಶೇಷ ಬೆಳಕಿನಲ್ಲಿ ಹಸಿರಾಗಿ ಹೊಳೆಯುವಂತೆ ಏರ್ಪಾಟಾಗಿತ್ತು. ಒಂದು ಗುಂಪಿನಲ್ಲಿ ಮಾತ್ರ, ಬೆಚ್ಚನೆಯ ಕಪಾಟಿಗೆ ಸೇರಿಸಿದ ಮೇಲೆ, ಆ ಕೋಶಗಳು ಸತ್ತುಹೋಗುತ್ತಿದ್ದವು, ಹಸಿರೂ ಆರುತ್ತಿತ್ತು. ಮೆತ್ತನೆಯ ಗಂಜಿ ತಿಂದುಕೊಂಡು ಸುಖವಾಗಿದ್ದಾಗ ಎರಡು ಗುಂಪುಗಳಿಗೂ ಅಂಥ ವ್ಯತ್ಯಾಸ ಕಂಡಿರಲಿಲ್ಲ. ಹಾಗಾಗಿ ಈಗ ಎರಡಕ್ಕೂ ಎರಡು ದಿನ ಸೋಪಿನ ಜಾತಿಯ ವಸ್ತು ಬೆರೆಸಿದ ಸಕ್ಕರೆ ನೀರು ಕುಡಿಸಿ ಕರುಳಿಗೆ ಪೆಟ್ಟು ಕೊಟ್ಟಿದ್ದಳು. ಪೆಟ್ಟು ತಿಂದ ಮೇಲೆ ನೀಲಿ ಬಣ್ಣ ಬೆರೆಸಿದ ಗಂಜಿ. ಕರುಳು ಗಟ್ಟಿಯಿದ್ದರೆ ಬಣ್ಣ ಹೊಟ್ಟೆಯೊಳಗೆ ಒಂದು ಗೆರೆಯಾಗಿ ಉಳಿಯುತ್ತದೆ. ಸೋರಿದರೆ ನೊಣ ತಲೆಯಿಂದ ಬಾಲದವರೆಗೆ ನೀಲಿಯಾಗುತ್ತದೆ.

ಅಂದು ಸಂಜೆ ಇದನ್ನು ಕೇಳಿದ ಅಪ್ಪ ಕೈಯಲ್ಲಿದ್ದ ಲೋಟ ಕೆಳಗಿಟ್ಟ. "ನೀರಿನ ಬದಲು ಬಣ್ಣ ಬಿಡ್ತಾರೆ, ಅಷ್ಟೇ ತಾನೆ? ಇದನ್ನ ಕಲಿಯೋಕೆ ಅವರಿಗೆ ಅಷ್ಟು ದೊಡ್ಡ ಕಟ್ಟಡ ಬೇಕಾಯ್ತಾ?"

"ಅಪ್ಪಾ, ನಮ್ಮದು ಮೊಳಗಟ್ಟಲೆ ಉದ್ದದ ಕರುಳು. ಅಲ್ಲಿಯದ್ದು ಅಕ್ಕಿಕಾಳಿನಷ್ಟು."

"ಹಾಗಾದ್ರೆ ಸಂಬಳಾನೂ ಅಷ್ಟೇ ಕೊಡ್ತಾರೇನೋ ನೋಡು" ಎಂದು ಅಪ್ಪ ಲೋಟ ಎತ್ತಿಕೊಂಡ.

ನೀಲಿ ಗಂಜಿ ಶುರುವಾದ ದಿನವೇ ಚುಕ್ಕಿ ಬೇರೆ ಊರಿನಲ್ಲಿ ಒಂದು ಭಾಷಣಕ್ಕೆ ಹೋಗಬೇಕಿತ್ತು. ಒಂದು ವಾರ ಕೊಳವೆಗಳು ನೊಣದಕ್ಕನ ವಶವಾದವು. ದಿನಾ ಬೆಳಗ್ಗೆ ಹೊಸ ನೀಲಿ ಗಂಜಿಗೆ ಬದಲಿಸಬೇಕು, ಅಜಾಗರೂಕತೆಯಿಂದ ಒಂದೂ ಸಾಯಬಾರದು, ಇಷ್ಟೇ ಅಪ್ಪಣೆ. ಯಾವ ಗುರುತಿನ ಪಟ್ಟಿ ಅಂಟಿಸಿದ ಕೊಳವೆ ಯಾವ ಗುಂಪಿನದೆಂದು ಚುಕ್ಕಿ ಬೇಕೆಂದೇ ಹೇಳಲಿಲ್ಲ; ನೋಡುವವರಿಗೆ ಅದು ತಿಳಿದಿರಬಾರದೆಂಬುದು ಅಲ್ಲಿಯ ರೂಢಿ. ನೀಲಿಯಾದ ನೊಣವನ್ನು ಇದ್ದಲ್ಲೇ ಬಿಡಬೇಕೆಂದೂ ಹೇಳಲಿಲ್ಲ. ಅದನ್ನು ಹೇಳಬೇಕಾಗುತ್ತದೆಂದು ಆ ಕಟ್ಟಡದಲ್ಲಿ ಯಾರಿಗೂ ಹೊಳೆಯುತ್ತಿರಲಿಲ್ಲ. ತಿಂಗಳ ಕೊನೆಗೆ ನೊಣದಕ್ಕನ ಆರು ತಿಂಗಳು ಮುಗಿಯುತ್ತಿತ್ತು. ಈ ಒಂದು ವಾರವನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕೆಂದು ಅವಳು ನಿಶ್ಚಯಿಸಿದಳು.

ಎರಡನೇ ಬೆಳಗ್ಗೆ ಮೊದಲ ನೀಲಿ ನೊಣ ಕಂಡಿತು. ಅವಳ ಕೈ ಕೇಳದೆಯೇ ಕುಂಚದ ಕಡೆ ಹೋಯಿತು. ನೊಣಗಳನ್ನು ಮಂಪರು ಬರಿಸುವ ಅನಿಲದ ತಟ್ಟೆಯ ಮೇಲೆ ಮಲಗಿಸಿ, ಭೂತಗನ್ನಡಿಯಡಿ ಒಂದೊಂದನ್ನೂ ಹೊರಳಿಸಿ ನೋಡಿ, ನೀಲಿಯಾದವನ್ನು ಕುಂಚದ ತುದಿಯಿಂದ ಬದಿಗೆ ಸರಿಸಿದಳು. ಅವನ್ನು ಒಂದು ಬೇರೆ ಕೊಳವೆಗೆ ಹಾಕಿ, ಎಚ್ಚರವಾಗುವವರೆಗೆ ಅಡ್ಡ ಮಲಗಿಸಿಟ್ಟಳು; ನಿಲ್ಲಿಸಿದರೆ ಮಂಪರಿನಲ್ಲಿ ಗಂಜಿಗೆ ಅಂಟಿ ಸಾಯುತ್ತವೆ. ಹೊಟ್ಟೆ ಕೆಟ್ಟವರಿಗೆ ಬಣ್ಣದ ಊಟ ಯಾಕೆಂದು ಆ ಕೊಳವೆಗೆ ಮಾತ್ರ ಸಾದಾ ಗಂಜಿ. ವಾರವಿಡೀ ಇದೇ ನಡೆಯಿತು. ಒಂದು ಕೊಳವೆ ತುಂಬಿ ಎರಡಾಯಿತು. ಒಳ್ಳೆಯ ಮಾಲಿನ ಸಾಲುಗಳು ಒಂದು ಕಲೆಯಿಲ್ಲದೆ ಥಳಥಳಿಸುತ್ತಿದ್ದವು.

ಚುಕ್ಕಿ ಬಂದವಳು ಚೀಲವನ್ನೂ ಇಳಿಸದೆ ಕಪಾಟು ತೆರೆದಳು. ಒಂದು ಕೊಳವೆ ಎತ್ತಿ ಬೆಳಕಿಗೆ ಹಿಡಿದಳು. ಇನ್ನೊಂದು ಎತ್ತಿದಳು. ಮತ್ತೊಂದು.

"ಅಕ್ಕಾ, ಒಂದೂ ನೀಲಿ ಆಗಿಲ್ವಲ್ಲ?"

"ಒಂದೂ ಸಿಗಲ್ಲ ನೋಡು," ನೊಣದಕ್ಕ ಕೈ ಕಟ್ಟಿ ನಿಂತಿದ್ದಳು. "ಸೋರೋವನ್ನೆಲ್ಲ ಅವತ್ತಿಂದವತ್ತೇ ಆರಿಸಿ ತೆಗೆದಿದ್ದೀನಿ."

ಚುಕ್ಕಿ ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಧಾನವಾಗಿ ಜಾರಿ ನೆಲದ ಮೇಲೆ ಕುಳಿತಳು.

"ಏನಾಯ್ತೇ?"

"ಅಕ್ಕಾ, ಆ ನೀಲಿ ನೊಣಗಳೇ ನನ್ನ ಪ್ರಯೋಗ. ಯಾವ ಗುಂಪಲ್ಲಿ ಎಷ್ಟು ನೀಲಿ ಆಗ್ತವೆ, ಎಷ್ಟು ಉಳೀತವೆ, ಅದನ್ನೇ ನೋಡಬೇಕಿತ್ತು."

ನೊಣದಕ್ಕ ಕಟ್ಟಿದ್ದ ಕೈ ಬಿಟ್ಟಳು. ಗಿರಾಕಿಯೇ ಹರಕು ಮಾಲು ಬೇಕೆಂದು ಕೇಳುವ ಅಂಗಡಿ ಎಲ್ಲಿರುತ್ತದೆ? ಇಲ್ಲಿತ್ತು.

"ಎಸೆದುಬಿಟ್ರಾ?" ನೆಲದಿಂದ ಸಣ್ಣ ದನಿ ಬಂತು.

"ಎಸೆಯೋಕೆ ನನಗೇನು ತಲೆ ಕೆಟ್ಟಿದೆಯಾ? ಎರಡನೇ ದರ್ಜೆ ಮಾಲಾದ್ರೂ ಮಾಲು ತಾನೆ?" ಅವಳು ಕೆಳಗಿನ ಹಲಗೆಯಿಂದ ಎರಡು ಕೊಳವೆ ತಂದು ಚುಕ್ಕಿಯ ಮಡಿಲಿಗಿಟ್ಟಳು. ಎರಡೂ ಗುಂಪುಗಳ ನೊಣಗಳು ಅವುಗಳಲ್ಲಿ ಕಲಸಿಹೋಗಿದ್ದವು.

ಹಲವು ಸತ್ತು ಬಿದ್ದಿದ್ದವು. ಬದುಕಿದ್ದವುಗಳಲ್ಲಿ ಕೆಲವು ನೀಲಿಯಾಗಿ ಗಂಜಿಯ ಮೇಲೆ ತೂಕಡಿಸುತ್ತಿದ್ದವು. ಆದರೆ ಇನ್ನು ಕೆಲವು ಗೋಡೆ ಹತ್ತಿ ಬಿರಡೆಯ ಹತ್ತಿರ ಚುರುಕಾಗಿ ಓಡಾಡುತ್ತಿದ್ದವು. ಅವುಗಳ ಮೈಯಲ್ಲಿ ನೀಲಿಯ ಸುಳಿವೇ ಇರಲಿಲ್ಲ.

"ಇವು ಚೆನ್ನಾಗೇ ಇದ್ದಾವಲ್ಲ? ಇವನ್ನ ಯಾಕೆ ಹಾಕಿದ್ರಿ?"

"ನಾನು ಹಾಕಿದ್ದೆಲ್ಲ ನೀಲಿ."

"ಈಗ ಇಲ್ವಲ್ಲ."

"ಅದನ್ನ ಅವಕ್ಕೇ ಕೇಳು!"

ದೊಡ್ಡ ಮೇಡಂ ಬಂದರು, ಕೊಳವೆ ನೋಡಿದರು, ಎಲ್ಲವನ್ನೂ ಕೇಳಿಸಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು. "ಹೋಗ್ಲಿ ಬಿಡಿ. ಕೆಲಸ ಹೊಸದು. ಒಳ್ಳೆಯವೂ ಒಂದಷ್ಟು ತಪ್ಪಿ ಈ ಕಡೆ ಬಂದಿರ್ತವೆ. ಕಣ್ಣು ಮೋಸ ಮಾಡುತ್ತೆ" ಎಂದು ಮೆತ್ತಗೆ ಹೇಳಿ ಹೊರಟುಹೋದರು. ಬೇರೆ ಮಾಡಿದ್ದು ತಪ್ಪು, ಅದನ್ನು ನೊಣದಕ್ಕ ಒಪ್ಪಿದಳು. ಆದರೆ ಕಣ್ಣು ಮೋಸ ಮಾಡಿತು ಎಂದರೆ? ಕಣ್ಣೂ ಹೋದರೆ ಈ ಕೋಣೆಯಲ್ಲಿ ಅವಳನ್ನು ಉಳಿಸಿಕೊಳ್ಳಲು ಇನ್ನೇನು ಕಾರಣವಿತ್ತು?

ಮನೆಯಲ್ಲಾದರೂ ನ್ಯಾಯ ಸಿಗುತ್ತದೆಂದುಕೊಂಡಿದ್ದಳು.

"ನಿಂದೇ ತಪ್ಪು" ಎಂದ ಅಪ್ಪ. "ತೂತು ಬಿದ್ದ ಕರುಳು ತಾನಾಗಿ ಮುಚ್ಚಿಕೊಂಡಿದ್ದನ್ನ ನಾನು ನನ್ನ ಜನ್ಮದಲ್ಲಿ ಕಂಡಿಲ್ಲ."

"ನಿನ್ನ ಜನ್ಮದಲ್ಲಿ ಬದುಕಿರೋ ಕರುಳನ್ನ ಯಾವಾಗಪ್ಪಾ ಕಂಡಿದ್ದೆ?" ಎಂದಳು ಅವಳು.

ಸಿಟ್ಟಿಗೆ ಬಂದ ಮಾತು. ಆಡಿದ ಮೇಲೆ ಅವಳೇ ಅದನ್ನು ಇನ್ನೊಮ್ಮೆ ಯೋಚಿಸಿದಳು. ಗಂಡ ಊಟ ನಿಲ್ಲಿಸಿ ಮಾವನನ್ನೂ ಹೆಂಡತಿಯನ್ನೂ ಸರದಿಯಂತೆ ನೋಡಿ, "ಇಂಥ ಮಾತು ಊಟ ಆದ ಮೇಲೆ ಆಡಬಾರದಾ?" ಎಂದ.

ಕಣ್ಣು ಮೋಸ ಮಾಡಿತೋ ಇಲ್ಲವೋ ಎಂದು ತಿಳಿಯುವ ದಾರಿ ಹೊಳೆದದ್ದು ಚುಕ್ಕಿಗೆ. ಮರುದಿನ ಬೆಳಗ್ಗೆ ನೊಣದಕ್ಕ ಬರುವ ಮೊದಲೇ ಅವಳು ದೊಡ್ಡ ಮೇಡಂ ಅವರನ್ನು ಹಿಡಿದು ತಂದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದ್ದಳು. ಲೆಕ್ಕ ಸುಲಭ. ನೊಣದಕ್ಕ ತಪ್ಪಿ ಒಳ್ಳೆಯ ನೊಣಗಳನ್ನು ಹಾಕಿದ್ದರೆ, ನೀಲಿ ಇಲ್ಲದವುಗಳಲ್ಲಿ ಎರಡೂ ಗುಂಪಿನವು ಬೆರೆತಿರಬೇಕು: ಕೆಲವುಗಳ ಕರುಳಿನಲ್ಲಿ ಹಸಿರು ಚುಕ್ಕೆ ಇರುತ್ತದೆ, ಕೆಲವುಗಳಲ್ಲಿ ಇರುವುದಿಲ್ಲ. ಅವು ನಿಜವಾಗಿಯೂ ನೀಲಿಯಾಗಿ, ಆಮೇಲೆ ವಾಸಿಯಾಗಿದ್ದರೆ, ಅವೆಲ್ಲವೂ ಹಸಿರು ಚುಕ್ಕೆಯವೇ ಆಗಿರಬೇಕು. ಯಾಕೆಂದರೆ ರಿಪೇರಿಯವರು ಇರುವ ಮನೆ ಮಾತ್ರ ರಿಪೇರಿಯಾದೀತು.

"ನೀವು ಕೊಡಿ, ಆದರೆ ನೀಲಿಯದೋ ಅಲ್ವೋ ಹೇಳಬೇಡಿ" ಎಂದರು ದೊಡ್ಡ ಮೇಡಂ, ಕಣ್ಣನ್ನು ಸೂಕ್ಷ್ಮದರ್ಶಕಕ್ಕೆ ಒತ್ತಿ.

ನೊಣದಕ್ಕ ತಟ್ಟೆಯಿಂದ ಒಂದು ನೊಣ ಆರಿಸಿದಳು. ನೀಲಿ ಇಲ್ಲದ್ದು. ಚುಕ್ಕಿ ಅದನ್ನು ಒಂದು ಹನಿ ಉಪ್ಪುನೀರಿನಲ್ಲಿಟ್ಟು, ಒಂದು ಚಿಮಟದಿಂದ ಎದೆ ಹಿಡಿದು, ಇನ್ನೊಂದರಿಂದ ಬಾಲದ ತುದಿ ಹಿಡಿದು ಎಳೆದಳು. ನೂಲಿನಂಥ ಕರುಳು ಸುರುಳಿ ಬಿಚ್ಚಿಕೊಂಡು ಹೊರಬಂತು. ಮೊದಲ ಸಲ ಅದನ್ನು ಕಂಡಾಗ ನೊಣದಕ್ಕನೂ ಎಳೆಯಲು ಹೋಗಿ, ಶೆಡ್ಡಿನ ರಭಸದಲ್ಲಿ ನೊಣವನ್ನು ಎರಡು ತುಂಡು ಮಾಡಿದ್ದಳು. ಈಗ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಚುಕ್ಕಿ ದೀಪವಾರಿಸಿದಳು.

"ಹಸಿರು" ಎಂದರು ದೊಡ್ಡ ಮೇಡಂ.

ಇನ್ನೊಂದು. ಇದು ನೀಲಿಯದು.

"ಕತ್ತಲು."

ಮತ್ತೊಂದು, ನೀಲಿ ಇಲ್ಲದ್ದು. "ಹಸಿರು. ಚೆನ್ನಾಗಿ ಹೊಳೀತಿದೆ." ಆಮೇಲೆ ನೀಲಿ. "ಕತ್ತಲು." ಆಮೇಲೆ ಬೇಕೆಂದೇ ಒಂದರ ಹಿಂದೊಂದು ನೀಲಿ ಇಲ್ಲದವು ಮೂರು. ಹಸಿರು, ಹಸಿರು, ಹಸಿರು. ಒಂದು ನೀಲಿ ನೊಣದಲ್ಲಿ ಮಾತ್ರ ಹಸಿರು ಇತ್ತು, ಅದೂ ಸಂತೆಯಂತೆ ಗುಂಪುಗುಂಪಾಗಿ. "ಇದು ಮೊದಲೇ ಮುದಿಯಾಗಿತ್ತು ಅನ್ಸುತ್ತೆ. ವಯಸ್ಸಾದ್ರೆ ಈ ಕೋಶಗಳು ಹದ ತಪ್ಪಿ ಹುಟ್ತಾ ಹೋಗ್ತವೆ. ಜನ ಜಾಸ್ತಿ, ಕೆಲಸ ಕಮ್ಮಿ" ಎಂದಳು ಚುಕ್ಕಿ.

"ನಮ್ಮ ಮನೇಲೂ ಹಾಗೇ" ಎಂದಳು ನೊಣದಕ್ಕ. ದೊಡ್ಡ ಮೇಡಂ ಅವರ ಭುಜ ಒಂದು ಸಲ ಅಲುಗಿತು. ನಕ್ಕರೋ ಕೆಮ್ಮಿದರೋ ಕತ್ತಲಲ್ಲಿ ಗೊತ್ತಾಗಲಿಲ್ಲ.

ಅವಳಿಗೂ ಒಮ್ಮೆ ನೋಡಲು ಕೊಟ್ಟರು. ಕಪ್ಪು ಹಿನ್ನೆಲೆಯಲ್ಲಿ ಕರುಳಿನ ಮಸುಕು ಹಾದಿ, ಅದರುದ್ದಕ್ಕೂ ಹಸಿರು ಕಿಡಿಗಳು, ಅಲ್ಲಲ್ಲಿ ಜೋಡಿಜೋಡಿಯಾಗಿ: ಈಗಷ್ಟೇ ಒಡೆದು ಎರಡಾದವು. ವರ್ಷಗಟ್ಟಲೆ ಅವಳು ಕರುಳಿನಲ್ಲಿ ತೂತು ಹುಡುಕಿದ್ದಳು. ತೂತು ಮುಚ್ಚುವವರನ್ನು ಕಂಡದ್ದು ಇದೇ ಮೊದಲು. ಹುಷಾರಾಗಿ ಹಿಂದೆ ಸರಿದಳು, ಉಸಿರು ತಗುಲಿ ಆರಿಹೋದಾವೆಂಬಂತೆ.

ನೀಲಿ ಇಲ್ಲದ ಕೊನೆಯ ನೊಣ ಬಂತು. ದೊಡ್ಡ ಮೇಡಂ ಬಹಳ ಹೊತ್ತು ನೋಡಿದರು. "ಕತ್ತಲು" ಎಂದರು.

ದೀಪ ಹಾಕಿದರು. ಮೂವರೂ ಆ ಒಂದು ನೊಣವನ್ನು ನೋಡುತ್ತ ನಿಂತರು.

"ಇದೊಂದು ತಪ್ಪಿ ಬಂದಿರಬೇಕು" ಎಂದರು ದೊಡ್ಡ ಮೇಡಂ.

"ಇಲ್ಲ ಮೇಡಂ. ಇದೂ ನೀಲಿಯೇ ಆಗಿತ್ತು."

"ಅಷ್ಟರಲ್ಲಿ ಒಂದು ತಪ್ಪಾದ್ರೆ ಅದೇನೂ ಅವಮಾನ ಅಲ್ಲ."

"ತಪ್ಪಾಗಿದ್ರೆ ಅಲ್ಲ. ಆಗಿಲ್ಲ."

ಆ ನೊಣದ ವಿಷಯ ಅವರಿಬ್ಬರ ನಡುವೆ ಇಂದಿಗೂ ತೀರ್ಮಾನವಾಗಿಲ್ಲ.

ದೊಡ್ಡ ಮೇಡಂ ಕನ್ನಡಕ ಒರೆಸಿಕೊಂಡರು. "ಇದು ಫಲಿತಾಂಶ ಅಲ್ಲ, ತಿಳೀತಾ? ಯಾವುದು ಯಾವ ಕೊಳವೆಯಿಂದ ಬಂತು ಗೊತ್ತಿಲ್ಲ, ಯಾವಾಗ ನೀಲಿ ಆಯ್ತು, ಯಾವಾಗ ಬಿಟ್ಟಿತು ಗೊತ್ತಿಲ್ಲ, ಸತ್ತವು ಯಾರ ಕಡೆಯವು ಗೊತ್ತಿಲ್ಲ. ಇದನ್ನ ಹೊರಗೆ ತೋರಿಸಿದ್ರೆ ನಗ್ತಾರೆ." ಚುಕ್ಕಿಯ ಮುಖ ಇಳಿಯಿತು. "ಆದರೆ ಸೋರೋವನ್ನ ಬೇರೆ ಇಟ್ಟು, ಬಣ್ಣ ನಿಲ್ಲಿಸಿ, ವಾಸಿ ಆಗ್ತವಾ ಅಂತ ನೋಡೋ ಯೋಚನೆ ನಮಗೆ ಬಂದಿರಲಿಲ್ಲ. ಮೊದಲಿಂದ ಮಾಡೋಣ. ಈ ಸಲ ಒಂದೊಂದು ನೀಲಿ ನೊಣಕ್ಕೂ ಒಂದೊಂದು ಕೊಳವೆ, ಒಂದೊಂದು ಪಟ್ಟಿ."

"ಆರಿಸೋರು ಯಾರು?" ಚುಕ್ಕಿ ಕೇಳಿದಳು.

"ಈ ವಾರ ಆರಿಸಿದವರೇ. ಹೊಸಬರಿಗೆ ಮತ್ತೆ ಆರು ತಿಂಗಳು ಕಲಿಸೋಕೆ ನನಗೆಲ್ಲಿದೆ ಪುರುಸೊತ್ತು?"

ನೊಣದಕ್ಕ ಒಂದು ಹೆಜ್ಜೆ ಮುಂದೆ ಬಂದಳು. "ಮೇಡಂ, ತಿಂಗಳ ಕೊನೆಗೆ ನನ್ನದು..."

"ಏನು ನಿಮ್ಮದು?"

"ಆರು ತಿಂಗಳ ಪರೀಕ್ಷೆ ಮುಗಿಯುತ್ತಲ್ಲ."

"ಈಗ ತಾನೆ ಮುಗೀತಲ್ಲ," ಎಂದು ದೊಡ್ಡ ಮೇಡಂ ಬಾಗಿಲ ಹತ್ತಿರ ನಿಂತರು. "ಇನ್ಮೇಲೆ ಏನನ್ನಾದ್ರೂ ಬೇರೆ ಮಾಡೋ ಮುಂಚೆ ಕೇಳಿ. ನಾವು ಹೇಳೋಕೆ ಮರೆತಿದ್ರೂ ಕೇಳಿ."

ಅವರು ಹೋದ ಮೇಲೆ ಚುಕ್ಕಿ ನೊಣದಕ್ಕನ ಎರಡೂ ಕೈ ಹಿಡಿದು ಕೋಣೆಯಲ್ಲಿ ಒಂದು ಸುತ್ತು ತಿರುಗಿಸಿದಳು. ತಿರುಗುತ್ತಿದ್ದ ನೊಣದಕ್ಕ ತಟ್ಟನೆ ನಿಂತಳು.

"ಏ ಇರು, ಒಂದೊಂದು ನೊಣಕ್ಕೂ ಒಂದೊಂದು ಕೊಳವೆ ಅಂದ್ರಾ?"

"ಅಂದ್ರು."

"ದಿನಾ ಬೆಳಗ್ಗೆ?"

"ದಿನಾ ಬೆಳಗ್ಗೆ."

"ಕಾಯಂ ಅಂದ ಮೇಲೆ ಸ್ವಲ್ಪ ಕಡಿಮೆ ಕೆಲಸ ಕೊಡ್ತಾರೆ ಅಂದುಕೊಂಡಿದ್ದೆನಲ್ಲೇ."

ಅಷ್ಟು ಕೊಳವೆಗಳು ಆ ಕೋಣೆಯಲ್ಲಿ ಇರಲಿಲ್ಲ. ನೊಣದಕ್ಕ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲಿಳಿದು ಉಗ್ರಾಣದ ಕಿಟಕಿಗೆ ಹೋದಳು. ಒಳಗಿದ್ದ ಉಗ್ರಾಣಿ ತಲೆಯೆತ್ತದೆ, ಹಂಗಾಮಿಯವರಿಗೆ ಪೆಟ್ಟಿಗೆಗಟ್ಟಲೆ ಮಾಲು ಕೊಡುವ ಹಾಗಿಲ್ಲ, ಕಾಯಂ ಇರುವವರನ್ನು ಕಳಿಸಿ ಎಂದ.

ನೊಣದಕ್ಕ ಕಿಟಕಿಯ ಕಟ್ಟೆಯ ಮೇಲೆ ಎರಡೂ ಮೊಣಕೈಯೂರಿ ಆರಾಮವಾಗಿ ನಿಂತಳು.

"ಕಳಿಸಿದ್ದಾರಲ್ಲ," ಎಂದಳು. "ನಾಲ್ಕು ಪೆಟ್ಟಿಗೆ ಕೊಡಿ. ಒಡೆದವು ಇದ್ರೆ ಈಗಲೇ ತೆಗೆದಿಡಿ, ನನ್ನ ಕಣ್ಣಿಗೆ ಬೀಳ್ತವೆ."